ಎಲೆಕ್ಟ್ರಾನಿಕ್ಸ್ ಸಿಟಿ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ

ಎಲ್ಸಿಟಾ ಎಂದೇ ಪರಿಚಿತ. ಬೆಂಗಳೂರಿನ ದಕ್ಷಿಣ ಅಂಚಿನಲ್ಲಿ, ಹೊಸೂರು ರಸ್ತೆಯ ಬದಿಯ ಎಲೆಕ್ಟ್ರಾನಿಕ್ಸ್ ಸಿಟಿಗೆ ಸ್ಥಳೀಯಾಡಳಿತ ಒದಗಿಸಲು 2013ರಲ್ಲಿ ಅಸ್ತಿತ್ವಕ್ಕೆ ಬಂದ ಸಂಸ್ಥೆ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ 1970ರ ದಶಕದ ಕೊನೆಗೆ ರಾಜ್ಯ ಸರ್ಕಾರದ ಸಂಸ್ಥೆ ಕಿಯೋನಿಕ್ಸ್ ಈ ಕೈಗಾರಿಕಾ ಪ್ರದೇಶವನ್ನು ರೂಪಿಸಿತು. ಅದರ ಹಿಂದಿದ್ದ ದೂರದೃಷ್ಟಿ ಕಿಯೋನಿಕ್ಸ್ ಮುಖ್ಯಸ್ಥರಾಗಿದ್ದ ಆರ್. ಕೆ. ಬಾಳಿಗರದು.

ಕೈಗಾರಿಕೆಗಳೇ ಸೇವೆ ಒದಗಿಸುವ ಪ್ರದೇಶವನ್ನು ಪುರಸಭೆಯಿಲ್ಲದ ಟೌನ್‌ಶಿಪ್ ಎಂದು ರಾಜ್ಯಪಾಲರು ಘೋಷಿಸಬಹುದೆಂದು ಸಂವಿಧಾನದ 243ಕ್ಯೂ ವಿಧಿ ಹೇಳುತ್ತದೆ. ಅಂಥ ಟೌನ್‌ಶಿಪ್ ಆಗಿರುವ ಇಲ್ಲಿ ಆಸ್ತಿ ತೆರಿಗೆ ಸಂಗ್ರಹ, ರಸ್ತೆ, ಬೀದಿದೀಪ, ಕಸ ವಿಲೇವಾರಿ ಪ್ರಾಧಿಕಾರದ ಹೊಣೆ. ತೆರಿಗೆಯ ಒಂದು ಪಾಲು ಅಕ್ಕಪಕ್ಕದ ಊರುಗಳ ಸ್ಥಳೀಯ ಸಂಸ್ಥೆಗಳಿಗೂ ಸಲ್ಲಬೇಕು. ಈ ಪಾಲು ಅನುಗ್ರಹವಲ್ಲ, ನ್ಯಾಯ: ಕಂಪನಿಗಳಲ್ಲಿ ದುಡಿಯುವ ಸಾವಿರಾರು ಮಂದಿ ಬಾಡಿಗೆಗಿರುವುದು ಆ ಊರುಗಳಲ್ಲೇ, ಅವರ ಪಿ.ಜಿ.ಗಳ ಕಸ, ಚರಂಡಿ, ಕುಡಿಯುವ ನೀರಿನ ಹೊರೆ ಬೀಳುವುದೂ ಅಲ್ಲೇ.

ಪ್ರಾಧಿಕಾರಕ್ಕೆ ವಾರ್ಡ್‌ಗಳಿಲ್ಲ, ಮತದಾರರು ಆರಿಸಿದ ಸದಸ್ಯರ ಸಭೆಯೂ ಇಲ್ಲ. ಕೆಲಸದ ಚುರುಕನ್ನು ಮೆಚ್ಚುವಾಗಲೂ ಈ ಕೊರತೆಯನ್ನು ಮರೆಯಲಾಗದು.

ಆದರೆ ಭೂಬಳಕೆ ಬದಲಾವಣೆಯ ದಾರಿ ಬೇರೆ; ಅಲ್ಲಿ ಜನರ ಮಾತಿಗೆ ಜಾಗವಿದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಪ್ರಕರಣದಂತೆ ಯೋಜನಾ ಪ್ರಾಧಿಕಾರ ಪತ್ರಿಕಾ ಪ್ರಕಟಣೆ ನೀಡಿ ಆಕ್ಷೇಪಣೆ ಆಹ್ವಾನಿಸಬೇಕು; ಸರ್ಕಾರದ ಪೂರ್ವಾನುಮೋದನೆಯೂ ಬೇಕು.