ಅಂಚೆಯವನ ಕಿವಿ

ಶ್ರೀರಂಗಪಟ್ಟಣಕ್ಕೆ ಅನತಿದೂರದ ಪಾಲಹಳ್ಳಿಯಲ್ಲಿ 1847ರಲ್ಲಿ ಗ್ರೋವ್ಸ್ ಕಂಪನಿಯವರು ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯನ್ನು ಸ್ಥಾಪಿಸಿ, ರೈತರು ಕಾಸಿದ ಬೆಲ್ಲವನ್ನು ಕೊಂಡು, ಶುದ್ಧಿಗೊಳಿಸಿ ಸಕ್ಕರೆಯನ್ನಾಗಿ ಮಾಡುತ್ತಿದ್ದರೆಂಬ ಸಂಗತಿಯನ್ನು ಮೊನ್ನೆ ರಾತ್ರಿ ಮೊಬೈಲಿನಲ್ಲಿ ಹುಡುಕಿ ಓದುತ್ತಿದ್ದೆ. ಬೆಳಗಾಗುವಷ್ಟರಲ್ಲಿ ಆ ಯಂತ್ರವು ನನ್ನನ್ನು ಮಧುಮೇಹಿಯೆಂದು ನಿಶ್ಚಯಿಸಿ, ಸಕ್ಕರೆ ಕಾಯಿಲೆಯ ಚೂರ್ಣ, ಸಪ್ಪೆ ಬಿಸ್ಕತ್ತು, ರಿಯಾಯಿತಿಯ ರಕ್ತಪರೀಕ್ಷೆ ಇವುಗಳ ಜಾಹೀರಾತುಗಳನ್ನು ಸಾಲಾಗಿ ತಂದು ನಿಲ್ಲಿಸಿತು. ಇತಿಹಾಸಾಸಕ್ತಿಯನ್ನು ಒಂದು ರೋಗವೆಂದು ಬಗೆದುದರಲ್ಲಿ ಅದರ ತಪ್ಪೇನೂ ಇಲ್ಲವೆಂಬುದು ನನ್ನ ಮನೆಯವರ ಅಭಿಪ್ರಾಯ.

ಮಾತನ್ನು ಹೊತ್ತೊಯ್ಯುವವನೇ ಅದನ್ನು ಕದ್ದು ಕೇಳುವವನೂ ಆಗುವುದು ಈ ಸೀಮೆಗೆ ಹೊಸತಲ್ಲ. 1673ರಿಂದ 1704ರವರೆಗೆ ಶ್ರೀರಂಗಪಟ್ಟಣದಿಂದ ರಾಜ್ಯವಾಳಿದ ಚಿಕ್ಕದೇವರಾಜ ಒಡೆಯರು ತಮ್ಮ ಸಂಸ್ಥಾನದುದ್ದಕ್ಕೂ ಅಂಚೆಯನ್ನು ಏರ್ಪಡಿಸಿದರು. ಹಂಸಕ್ಕೂ ನಮ್ಮ ಹಳೆಯ ಕವಿಗಳು ಅಂಚೆಯೆಂದೇ ಹೇಳುತ್ತಿದ್ದರಾದ್ದರಿಂದ, ಆ ಶಬ್ದವನ್ನು ಕೇಳಿದೊಡನೆ ನಳದಮಯಂತಿಯರ ನಡುವೆ ಹಾರಾಡಿದ ಆ ಸಾಧುಪಕ್ಷಿಯು ನೆನಪಾಗುವುದು ಸಹಜವೇ. ಆದರೆ ಒಡೆಯರ ಅಂಚೆಯು ಅಷ್ಟು ಸಾಧುವಾಗಿರಲಿಲ್ಲ. ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು 1810ರಲ್ಲಿ ಹೊರಟ ತನ್ನ ಇತಿಹಾಸಗ್ರಂಥದ ಮೊದಲ ಸಂಪುಟದಲ್ಲಿ ಬರೆದಿರುವಂತೆ, ಈ ಅಂಚೆಯು ಸುದ್ದಿಯನ್ನು ಸಾಗಿಸುವುದಕ್ಕಿರುವಷ್ಟೇ ಸುದ್ದಿಯನ್ನು ಸಂಗ್ರಹಿಸುವುದಕ್ಕೂ ಇದ್ದಿತು. ಅಂಚೆಯ ಮುಖ್ಯಸ್ಥರು ಆಸ್ಥಾನದ ಆಪ್ತರು, ಅವರ ಕೈಕೆಳಗಿನವರು ಬೇಹಿನವರು. ತಂತಮ್ಮ ಪ್ರಾಂತದ ಗುಟ್ಟುಗಳನ್ನು ಕ್ರಮವಾಗಿ ಅರಮನೆಗೆ ಅರಿಕೆಮಾಡುವುದು ಅವರ ನಿತ್ಯದ ಕೆಲಸ. ಹೈದರಾಲಿಯ ಕಾಲಕ್ಕೆ ಇದೇ ಏರ್ಪಾಡು ಬೆಳೆದು ಭೀತಿಯ ಸಾಧನವಾಯಿತೆಂದೂ ಆತನು ಹೇಳುತ್ತಾನೆ. ವಿಲ್ಕ್ಸನು ಗೆದ್ದವರ ಕಡೆಯವನೆಂಬುದನ್ನು ಮರೆಯತಕ್ಕದ್ದಲ್ಲ. ಆದರೂ ಓಲೆ ಕೊಡಲು ಬಂದವನಿಗೆ ಮಜ್ಜಿಗೆ ಕೊಟ್ಟು ಜಗುಲಿಯಲ್ಲಿ ಕೂರಿಸಿದ ಮನೆಯವರು, ಕಂದಾಯದ ಮಾತು ಬಂದಾಗ ದನಿ ತಗ್ಗಿಸುತ್ತಿದ್ದಿರಬಹುದೆಂದು ಊಹಿಸಿಕೊಳ್ಳುವುದು ಕಷ್ಟವಲ್ಲ.

ಈ ವಿದ್ಯೆಯ ಶಾಸ್ತ್ರವೂ ಲೋಕಕ್ಕೆ ಅಚ್ಚಾಗಿ ದೊರೆತದ್ದು ಮೈಸೂರಿನಿಂದಲೇ. ಅಲ್ಲಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೂಢಪುರುಷರ ಪ್ರಕರಣವೊಂದುಂಟು. ಕಾಪಟಿಕ, ಉದಾಸ್ಥಿತ, ಗೃಹಪತಿಕ, ತಾಪಸರೊಡನೆ ವೈದೇಹಕನೆಂಬವನೂ ಅಲ್ಲಿ ಬರುತ್ತಾನೆ. ಇವನು ವೃತ್ತಿಯಲ್ಲಿ ಸೋತ ವರ್ತಕ. ರಾಜನ ಆಶ್ರಯದಿಂದ ಮತ್ತೆ ವ್ಯಾಪಾರ ಹೂಡಿ, ಗಿರಾಕಿಗಳ ನಡುವೆ ಕುಳಿತು ರಾಜನಿಗಾಗಿ ಕಿವಿಗೊಡತಕ್ಕವನು. ಅವನಿಗೆ ವ್ಯಾಪಾರವು ವೇಷ, ಬೇಹು ವೃತ್ತಿ. ಈ ಐವರಲ್ಲಿ ನನ್ನನ್ನು ಬಹುಕಾಲ ಕಾಡಿದವನು ಇವನೇ. ಏಕೆಂದರೆ ರಾಜನ ಹಂಗನ್ನೇ ತೊರೆದು, ಕೇಳಿಸಿಕೊಂಡುದನ್ನೇ ಸರಕಾಗಿಸಿಕೊಳ್ಳುವ ವೈದೇಹಕನನ್ನು ಕೌಟಿಲ್ಯನಂಥ ಸಂಶಯಾತ್ಮನೂ ಕಲ್ಪಿಸಿಕೊಳ್ಳಲಿಲ್ಲ.

ಅಂಥವನು ಬಂದದ್ದು ನಮ್ಮ ಕಾಲದಲ್ಲಿ, ಅದೂ ಅಂಚೆಯ ರೂಪದಲ್ಲಿಯೇ. 2004ರಲ್ಲಿ ಗೂಗಲ್ ಸಂಸ್ಥೆಯು ಜಿಮೇಲ್ ಎಂಬ ಉಚಿತ ಮಿಂಚಂಚೆಯನ್ನು ತೆರೆದಾಗ, ಕಾಗದದ ಒಕ್ಕಣೆಯನ್ನು ಯಂತ್ರವು ಓದಿ, ಅದಕ್ಕೊಪ್ಪುವ ಜಾಹೀರಾತನ್ನು ಪಕ್ಕದಲ್ಲಿ ಇಡುತ್ತಿತ್ತು. ಜಾಹೀರಾತಿಗಾಗಿ ಹಾಗೆ ಓದುವುದನ್ನು ನಿಲ್ಲಿಸುವೆವೆಂದು 2017ರಲ್ಲಿ ಸಂಸ್ಥೆಯು ಸಾರಿತು. ಆದರೆ ಹುಡುಕಿದ ಪದ, ನೋಡಿದ ಚಿತ್ರ, ನಡೆದಾಡಿದ ಜಾಗ ಇವುಗಳಿಂದ ಮನುಷ್ಯನ ಒಲವನ್ನು ಅಳೆಯುವ ಉದ್ಯಮಕ್ಕೆ ಕಾಗದದ ಅಗತ್ಯವೇನೂ ಉಳಿದಿರಲಿಲ್ಲ. ಪುಟವೊಂದು ತೆರೆಯುವ ಕ್ಷಣಮಾತ್ರದಲ್ಲಿ ಓದುಗನ ಗಮನವು ಹರಾಜಾಗಿ ಮುಗಿದಿರುತ್ತದೆ. ಪಾಲಹಳ್ಳಿಯ ಕಾರ್ಖಾನೆಯವರು ಬೆಲ್ಲಕ್ಕೆ ದುಡ್ಡನ್ನಾದರೂ ಕೊಡುತ್ತಿದ್ದರು; ಇಲ್ಲಿ ಆಲೆಮನೆಯವನಿಗೆ ತಾನು ಬೆಲ್ಲ ಕಾಸುತ್ತಿರುವೆನೆಂಬುದೇ ತಿಳಿಯದು.

ಅದೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಏಕಮತದಿಂದ ಎತ್ತಿಹಿಡಿಯಿತು. ಆ ತೀರ್ಪಿಗೆ ಹೆಸರು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರಿಂದ; ಎಂಬತ್ತಾರರ ವಯಸ್ಸಿನಲ್ಲಿ, 2012ರಲ್ಲಿ ಅವರು ಆಧಾರಿನ ವಿರುದ್ಧ ಅರ್ಜಿ ಹಾಕಿದ್ದರು. ಅವರ ತಕರಾರು ಅರಮನೆಯೊಡನೆ. ವೈದೇಹಕನನ್ನು ಒಪ್ಪಿಗೆಯ ಕಟ್ಟಿಗೆ ಒಳಪಡಿಸುವ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 2023ರಲ್ಲಿ ಬಂದಿತು. ಓದದೆಯೇ ಒಪ್ಪಿಗೆಯನ್ನು ಒತ್ತುವ ನಮ್ಮ ಹೆಬ್ಬೆರಳಿಗೆ ಆ ಕಟ್ಟು ಎಷ್ಟರಮಟ್ಟಿಗೆ ನೆರವಾದೀತೆಂಬುದರಲ್ಲಿ ನನಗೆ ಅಂಥ ಭರವಸೆಯಿಲ್ಲ.

ಅನ್ಯರ ಗುಟ್ಟನ್ನು ಅರಿತು ಆಳಿದ ಅರಮನೆಗೂ ತನ್ನ ಗುಟ್ಟನ್ನು ಕಾಪಾಡಿಕೊಳ್ಳಲಾಗಲಿಲ್ಲ. ಟಿಪ್ಪು ಸುಲ್ತಾನನು ತನ್ನ ಕನಸುಗಳನ್ನು ಪಾರಸಿಯಲ್ಲಿ, ಸ್ವಹಸ್ತದಿಂದ, ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡುತ್ತಿದ್ದನು. ಅವನು ಅದನ್ನು ಓದುವಾಗಲಾಗಲಿ ಬರೆಯುವಾಗಲಾಗಲಿ ಯಾರಾದರೂ ಬಂದರೆ ಮರೆಮಾಡಲು ತವಕಿಸುತ್ತಿದ್ದನೆಂದು ಅವನ ಮುನ್ಷಿ ಹಬೀಬುಲ್ಲಾ ಹೇಳಿದನು. 1799ರಲ್ಲಿ ಪಟ್ಟಣವು ಬಿದ್ದ ಮೇಲೆ ಕರ್ನಲ್ ಕರ್ಕ್‌ಪ್ಯಾಟ್ರಿಕನ ಶೋಧದಲ್ಲಿ ಸಿಕ್ಕ ಆ ಪುಸ್ತಕವು, ಮರುವರ್ಷ ಈಸ್ಟ್ ಇಂಡಿಯಾ ಕಂಪನಿಯೆಂಬ ವರ್ತಕಮಂಡಲಿಯ ನಿರ್ದೇಶಕರಿಗೆ ಕಾಣಿಕೆಯಾಗಿ ಸಂದಿತು.