ಎಣಿಕೆಗೆ ಮುನ್ನವೇ ಅಚ್ಚಾದ ಸೋಲು

1948ರ ನವೆಂಬರ್ 4ರಂದು ಸೇಂಟ್ ಲೂಯಿಸ್ ರೈಲು ನಿಲ್ದಾಣದಲ್ಲಿ ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ನಗುತ್ತ ‘ಷಿಕಾಗೋ ಟ್ರಿಬ್ಯೂನ್’ ಪತ್ರಿಕೆಯನ್ನು ಎತ್ತಿ ಹಿಡಿದ ಚಿತ್ರ ನಮ್ಮಲ್ಲಿ ಹಲವರಿಗೆ ಪರಿಚಿತ. ತಲೆಬರಹದಲ್ಲಿ ಗೆದ್ದವರು ಥಾಮಸ್ ಡ್ಯೂಯಿ. ನಿಜವಾಗಿ ಗೆದ್ದವರು ಟ್ರೂಮನ್. ಚುನಾಯಕ ಮಂಡಲಿಯಲ್ಲಿ ಅವರಿಗೆ 303, ಡ್ಯೂಯಿಯವರಿಗೆ 189 ಮತಗಳು.

ಪತ್ರಿಕೆಯ ರಿಪಬ್ಲಿಕನ್ ಒಲವು ಗುಟ್ಟೇನಾಗಿರಲಿಲ್ಲ. ಆದ್ದರಿಂದ ಇದನ್ನು ಪಕ್ಷಪಾತವೆಂದು ಕರೆದು ಮುಗಿಸುವುದು ಸುಲಭ. ಆದರೆ ಅಚ್ಚುಮೊಳೆ ಜೋಡಿಸುವವರ ಮುಷ್ಕರದಿಂದಾಗಿ ಅಂದು ಮೊದಲ ಆವೃತ್ತಿಯನ್ನು ಎಂದಿಗಿಂತ ಬೇಗ, ಎಣಿಕೆ ನಡೆದಿರುವಾಗಲೇ, ಅಚ್ಚಿಗೆ ಕಳುಹಿಸಬೇಕಿತ್ತು. ಸಂಪಾದಕರು ವಾಷಿಂಗ್ಟನ್ ವರದಿಗಾರ ಆರ್ಥರ್ ಹೆನ್ನಿಂಗ್ ಅವರ ಊಹೆಯನ್ನು ನಂಬಿದರು. ಯಾವ ಪಕ್ಷಕ್ಕೂ ಸೇರದ ಗ್ಯಾಲಪ್ ಸಮೀಕ್ಷೆಯೂ ಡ್ಯೂಯಿಯವರ ಗೆಲುವನ್ನೇ ನುಡಿದಿತ್ತು.

ಹಾಗೆಂದು ಪತ್ರಿಕೆ ನಿರ್ದೋಷಿಯೇ? ಸಂಪಾದಕೀಯದಲ್ಲಿ ಒಬ್ಬ ಅಭ್ಯರ್ಥಿಯನ್ನು ಬೆಂಬಲಿಸುವುದು ಅದರ ಹಕ್ಕು. ಆದರೆ ‘ಎಣಿಕೆ ಇನ್ನೂ ಮುಗಿದಿಲ್ಲ’ ಎಂಬ ತಲೆಬರಹವನ್ನು ಯಾವ ಮುಷ್ಕರವೂ ತಡೆದಿರಲಿಲ್ಲ. ಬಾರದ ಸುದ್ದಿಯ ಜಾಗವನ್ನು ಊಹೆ ತುಂಬಿತು. ಅದು ತಮ್ಮ ಒಲವಿಗೆ ಹೊಂದಿದ್ದರಿಂದ ಅನುಮಾನಿಸುವ ಅಗತ್ಯ ಕಾಣಲಿಲ್ಲ. ಎದುರು ಪಕ್ಷದ ಪತ್ರಿಕೆಯಲ್ಲಿ ಮಾತ್ರ ಪಕ್ಷಪಾತವನ್ನು ಹುಡುಕುವ ನಾವು, ನಮಗೆ ಹಿತವಾದ ತಲೆಬರಹವನ್ನು ಎರಡನೆಯ ಸಲ ಓದುತ್ತೇವೆಯೇ?