ಹಂದಿಜ್ವರ ಮತ್ತು ಕಿರು ಆರ್‌ಎನ್‌ಎ

1918ರ ಇನ್‌ಫ್ಲುಯೆಂಜಾ ಪಿಡುಗಿನ ಬಗ್ಗೆ ನೀವು ಓದಿರುತ್ತೀರಿ. ಅದೇ ವರ್ಷ ಅಮೆರಿಕದ ಅಯೋವಾದಲ್ಲಿ ಹಂದಿಗಳೂ ಅಂಥದೇ ಕಾಯಿಲೆಯಿಂದ ನರಳಿದವು. ಎರಡೂ ಒಂದೇ ರೋಗವೆಂದು ಪಶುವೈದ್ಯ ಜೆ. ಎಸ್. ಕೋಯೆನ್ ವಾದಿಸಿದರು. 1931ರಲ್ಲಿ ರಿಚರ್ಡ್ ಶೋಪ್ ಹಂದಿಗಳ ಇನ್‌ಫ್ಲುಯೆಂಜಾಕ್ಕೆ ವೈರಸ್ ಕಾರಣವೆಂದು ತೋರಿಸಿದರು. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ ಲಂಡನ್ನಿನ ವಿಜ್ಞಾನಿಗಳಿಗೆ ದೊರೆತದ್ದು ಆಮೇಲೆ, 1933ರಲ್ಲಿ.

ವೈರಸ್ಸೇನೋ ಸಿಕ್ಕಿತು. ಅದರ ವಿರುದ್ಧ ದೇಹ ಒಡ್ಡುವ ಪ್ರತಿರೋಧ ಹತೋಟಿಯಲ್ಲಿರುವುದು ಹೇಗೆ? ಪ್ರತಿರೋಧ ಸಾಲದಾದರೆ ವೈರಸ್ ಹೆಚ್ಚುತ್ತದೆ. ಮಿತಿಮೀರಿದರೆ ಉರಿಯೂತದಿಂದ ಶ್ವಾಸಕೋಶಕ್ಕೇ ಹಾನಿ. ಉತ್ತರದ ಒಂದು ಭಾಗ ದೊರೆತದ್ದು ಸುಮಾರು ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನಿಂದ!

ಈ ಹುಳುವಿನ ಲಿನ್-4 ಎಂಬ ಜೀನ್ ಪ್ರೋಟೀನನ್ನು ತಯಾರಿಸುವುದಿಲ್ಲ, ಸುಮಾರು 22 ನ್ಯೂಕ್ಲಿಯೋಟೈಡುಗಳ ಕಿರು ಆರ್‌ಎನ್‌ಎಯನ್ನು ಕೊಡುತ್ತದೆ ಎಂದು 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಸಂಗಡಿಗರು ಪ್ರಕಟಿಸಿದರು. ಅದು ಲಿನ್-14 ಜೀನಿನ ಸಂದೇಶವಾಹಕ ಆರ್‌ಎನ್‌ಎಗೆ ಅಂಟಿಕೊಂಡು ಪ್ರೋಟೀನ್ ತಯಾರಿಕೆಯನ್ನು ತಡೆಯುತ್ತದೆಂಬುದು ಗ್ಯಾರಿ ರುವ್ಕುನ್ ಅವರ ಸಂಶೋಧನೆಯೊಡನೆ ಸ್ಪಷ್ಟವಾಯಿತು. ಇದು ಹುಳುವಿನ ವೈಚಿತ್ರ್ಯವಷ್ಟೇ ಎಂದು ಅನೇಕರು ಭಾವಿಸಿದ್ದರು. 2000ದಲ್ಲಿ ರುವ್ಕುನ್ ತಂಡ ಲೆಟ್-7 ಎಂಬ ಇನ್ನೊಂದು ಕಿರು ಆರ್‌ಎನ್‌ಎ ಮನುಷ್ಯರಲ್ಲೂ ಇದೆಯೆಂದು ತೋರಿಸಿತು. ಮರುವರ್ಷ ಇವುಗಳಿಗೆ 'ಮೈಕ್ರೋಆರ್‌ಎನ್‌ಎ' ಎಂಬ ಹೆಸರು ಬಂತು. ಆಂಬ್ರೋಸ್ ಮತ್ತು ರುವ್ಕುನ್ ಅವರಿಗೆ 2024ರ ನೊಬೆಲ್ ಪ್ರಶಸ್ತಿ ಸಂದಿತು.

ಇದಕ್ಕೂ ಸೋಂಕಿಗೂ ಏನು ಸಂಬಂಧ? 2006ರಲ್ಲಿ ಡೇವಿಡ್ ಬಾಲ್ಟಿಮೋರ್ ಅವರ ಪ್ರಯೋಗಾಲಯ ಮಾನವನ ಪ್ರತಿರಕ್ಷಾ ಕೋಶಗಳಿಗೆ ಬ್ಯಾಕ್ಟೀರಿಯಾದ ಅಂಶವನ್ನು ಸೇರಿಸಿತು. ಆಗ ಮಿಆರ್-146 ಎಂಬ ಮೈಕ್ರೋಆರ್‌ಎನ್‌ಎ ಹೆಚ್ಚಿತು. ಉರಿಯೂತದ ಸಂಕೇತವನ್ನು ಸಾಗಿಸುವ ಟ್ರಾಫ್6, ಐರಾಕ್1 ಪ್ರೋಟೀನುಗಳನ್ನು ಅದು ತಗ್ಗಿಸಬಲ್ಲದು. ಅಂದರೆ, ಕೋಶವು ಅಪಾಯದ ಗಂಟೆ ಬಾರಿಸುವಾಗಲೇ ಅದನ್ನು ನಿಲ್ಲಿಸುವ ಏರ್ಪಾಡನ್ನೂ ಮಾಡಿಕೊಳ್ಳುತ್ತದೆ!

2009ರಲ್ಲಿ ಹಂದಿಗಳ ವೈರಸ್ಸುಗಳಿಂದ ಮೂಡಿದ ಎಚ್1ಎನ್1 ಜಗತ್ತಿಗೆಲ್ಲ ಹರಡಿತು. ಹಂದಿಯ ಶ್ವಾಸಕೋಶಕ್ಕೂ ನಮ್ಮದಕ್ಕೂ ಹೋಲಿಕೆ ಹೆಚ್ಚು. ಇನ್‌ಫ್ಲುಯೆಂಜಾ ಅದಕ್ಕೂ ಸಹಜವಾಗಿ ತಗಲುತ್ತದೆ. ಹೀಗಾಗಿ ಹಂದಿಯ ಅಧ್ಯಯನ ಎರಡು ಜೀವಿಗಳಿಗೂ ಉಪಯುಕ್ತ. ಡೆನ್ಮಾರ್ಕಿನ ಸಂಶೋಧಕರು ಎಚ್1ಎನ್2 ಸೋಂಕು ತಗಲಿಸಿದ ಹಂದಿಗಳ ಶ್ವಾಸಕೋಶವನ್ನು 24 ಗಂಟೆ, 72 ಗಂಟೆ ಮತ್ತು 14 ದಿನಗಳ ತರುವಾಯ ಪರೀಕ್ಷಿಸಿ 2013ರಲ್ಲಿ ವರದಿ ಮಾಡಿದರು. ಪ್ರತಿರಕ್ಷಾ ಜೀನುಗಳ ಜೊತೆಗೆ ಮಿಆರ್-146, ಮಿಆರ್-21, ಮಿಆರ್-223 ಮೊದಲಾದವುಗಳ ಪ್ರಮಾಣವೂ ಬದಲಾಗಿತ್ತು.

ಒಂದು ಎಚ್ಚರಿಕೆ: ಎರಡು ಅಂಶಗಳು ಒಟ್ಟಿಗೆ ಬದಲಾದ ಮಾತ್ರಕ್ಕೆ ಒಂದು ಇನ್ನೊಂದನ್ನು ನಿಯಂತ್ರಿಸುತ್ತದೆಂದು ಸಾಬೀತಾಗುವುದಿಲ್ಲ. ಆ ಮೈಕ್ರೋಆರ್‌ಎನ್‌ಎಯನ್ನು ಹೆಚ್ಚಿಸಿ ಅಥವಾ ತಡೆದು ಪರಿಣಾಮವನ್ನು ನೋಡಬೇಕು.

ಡಿಎನ್‌ಎಯಿಂದ ಆರ್‌ಎನ್‌ಎ, ಅದರಿಂದ ಪ್ರೋಟೀನು ಎಂಬ ಪಾಠವನ್ನು ಕಲಿಯುವಾಗ, ಕಲಿಸುವಾಗ ಇದನ್ನೂ ನೆನೆಯಿರಿ: ಪ್ರೋಟೀನಾಗದ ಆರ್‌ಎನ್‌ಎಗೂ ಕೆಲಸವಿದೆ, ಎಷ್ಟು ಪ್ರೋಟೀನು ತಯಾರಾಗಬೇಕೆಂಬುದನ್ನು ನಿರ್ಧರಿಸುವುದರಲ್ಲಿ ಅದಕ್ಕೂ ಪಾಲಿದೆ.